ಒಂದು ಡಿಸ್ಕು, ಎರಡು ಒಕ್ಕಲು

ಹೊಲ ಹಂಚುವುದು ಸುಲಭ, ಬಾವಿ ಹಂಚುವುದು ಕಷ್ಟ. ಘಟಪ್ರಭೆಯ ಸೀಮೆಯ ಒಕ್ಕಲು ಮಕ್ಕಳಿಗೆ ಇದು ಯಾರೂ ಹೇಳಿಕೊಡಬೇಕಾದ ಮಾತಲ್ಲ. ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿಯನ್ನೇ ತೆಗೆದುಕೊಳ್ಳಿ. ಹೆಸರಿನಲ್ಲಿಯೇ ಬೆಲ್ಲವನ್ನು ಹೊತ್ತ ಊರು; ಸುತ್ತಲೂ ಕಬ್ಬಿನ ನಾಡು. ಅಲ್ಲಿ ಅಣ್ಣತಮ್ಮಂದಿರು ಬೇರೆಯಾದರೆ ವಾಟ್ನಿಯಾಗುತ್ತದೆ. ಮೋಜಣಿಯವರು ಬಂದು ಅಳೆಯುತ್ತಾರೆ, ಸರ್ವೆ ನಂಬರಿನೊಳಗೆ ಹಿಸ್ಸಾ ಬೀಳುತ್ತವೆ, ಬಾಂದುಕಲ್ಲು ನೆಡುತ್ತಾರೆ, ಉತಾರದಲ್ಲಿ ಹೆಸರು ಏರುತ್ತವೆ. ಅಲ್ಲಿಗೆ ಹೊಲದ ಮಾತು ಮುಗಿಯಿತು. ಆದರೆ ಬಾವಿ ಒಂದೇ. ಅದು ಇಬ್ಬರಿಗೂ ಸೇರಿದ್ದು. ಅದಕ್ಕೆ ಪಾಳಿ ಬೇಕು, ಕಟ್ಟಳೆ ಬೇಕು. ಜಗಳವಾದರೆ ಆಗುವುದು ಅಲ್ಲಿಯೇ.

ಮನೆಯ ಮೂಲೆಯಲ್ಲಿರುವ ಕಂಪ್ಯೂಟರಿನ ಒಳಗೂ ಇಂಥದೇ ಒಂದು ಹೊಲವಿದೆ, ಹಿಸ್ಸಾ ಇವೆ, ಉತಾರವಿದೆ. ಒಂದೇ ಯಂತ್ರದಲ್ಲಿ ಎರಡು ಕಾರ್ಯಾಚರಣೆ ವ್ಯವಸ್ಥೆಗಳನ್ನು ಇಟ್ಟುಕೊಂಡಾಗ ಅಲ್ಲಿಯೂ ಸೇರುಬಾವಿಯ ಪ್ರಶ್ನೆ ಏಳುತ್ತದೆ. ಈ ಹೊತ್ತು ನಿಮ್ಮೊಡನೆ ಆಡಬೇಕೆಂದಿರುವುದು ಆ ಮಾತನ್ನು.

ಕಾರ್ಯಾಚರಣೆ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಮ್, ಯಂತ್ರದ ಯಜಮಾನ. ಗುಂಡಿ ಒತ್ತಿದೊಡನೆ ಎಚ್ಚೆತ್ತು, ಪರದೆ, ಕೀಲಿಮಣೆ, ಮುದ್ರಣಯಂತ್ರ ಎಲ್ಲವನ್ನೂ ತನ್ನ ಅಂಕೆಯಲ್ಲಿ ತೆಗೆದುಕೊಂಡು ನಮ್ಮ ಕೆಲಸ ಮಾಡಿಸಿಕೊಡುವುದು ಅದೇ. ನಮ್ಮ ಮನೆಗಳಲ್ಲಿ ಬಹುವಾಗಿ ಇರುವುದು ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್. ಇನ್ನೊಂದು ಲಿನಕ್ಸ್, 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿ, ಅನಂತರ ಜಗತ್ತಿನ ಸಾವಿರಾರು ಜನ ಕೈಗೂಡಿಸಿ ಬೆಳೆಸಿದ್ದು. ಅದಕ್ಕೆ ಬೆಲೆ ಕೊಡಬೇಕಾಗಿಲ್ಲ. ಯಾರೂ ಪಡೆದು, ಯಾರಿಗೂ ಕೊಡಬಹುದು.

ಎರಡನ್ನೂ ಒಂದೇ ಮನೆಯಲ್ಲಿ ಇಟ್ಟುಕೊಳ್ಳುವ ಹಂಗೇಕೆ ಎಂದು ನೀವು ಕೇಳಬಹುದು. ಕಾರಣ ಹತ್ತಿರದ್ದೇ ಇದೆ. ವಿಂಡೋಸ್ 10ಕ್ಕೆ ಕಂಪನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಅದರ ಮುಂದಿನ ವಿಂಡೋಸ್ 11 ಹಳೆಯ ಯಂತ್ರಗಳನ್ನು ಒಪ್ಪದು. ಟಿಪಿಎಮ್ ಎಂಬ ಭದ್ರತೆಯ ಸಲಕರಣೆಯನ್ನೂ ಈಚಿನ ಸಂಸ್ಕಾರಕವನ್ನೂ ಅದು ಕೇಳುತ್ತದೆ. ಹತ್ತು ವರ್ಷದ ಹಿಂದೆ ಕೊಂಡ ಗಟ್ಟಿಮುಟ್ಟಾದ ಯಂತ್ರವನ್ನು ಗುಜರಿಗೆ ಹಾಕಲು ಯಾರಿಗೆ ಮನಸ್ಸು ಬಂದೀತು? ಇಂಜಿನಿಯರಿಂಗ್ ಓದುವ ಮಗ ಲಿನಕ್ಸ್ ಬೇಕೆನ್ನುತ್ತಾನೆ. ಇಪ್ಪತ್ತು ವರ್ಷದಿಂದ ವಿಂಡೋಸಿನಲ್ಲಿ ಪತ್ರ ಬರೆದು ರೂಢಿಯಾದ ತಂದೆ ಅದನ್ನು ಬಿಡಲಾರರು. ಹೀಗೆ ಒಂದೇ ಡಿಸ್ಕಿನ ಮೇಲೆ ಎರಡು ಒಕ್ಕಲು ಬಂದು ಕೂಡುತ್ತವೆ.

ಲಿನಕ್ಸಿನಲ್ಲಿ ಕನ್ನಡ ನಡೆದೀತೆ ಎಂಬ ಶಂಕೆ ಬೇಡ. ಗಡಿಯಾಚೆ ಕಾಸರಗೋಡಿನ ಶಾಲೆಗಳನ್ನು ನೋಡಿ. ಕೇರಳ ಸರ್ಕಾರದ ಐಟಿ ಅಟ್ ಸ್ಕೂಲ್ ಯೋಜನೆ, 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಗಿ ಮಾರ್ಪಟ್ಟದ್ದು, ಆ ರಾಜ್ಯದ ಶಾಲೆಗಳ ಕಂಪ್ಯೂಟರ್ ಪಾಠವನ್ನು ಲಿನಕ್ಸಿನ ಮೇಲೆಯೇ ನಿಲ್ಲಿಸಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರ ಮೇಲೆಯೇ ಕೈ ಪಳಗಿಸಿಕೊಂಡರು. ಕೆ. ಪಿ. ರಾವ್ ಅವರು ರೂಪಿಸಿದ, ನುಡಿ ಬಳಸುವವರಿಗೆಲ್ಲ ಪರಿಚಿತವಾದ ಕೀಲಿಮಣೆಯ ವಿನ್ಯಾಸ ಲಿನಕ್ಸಿನಲ್ಲಿಯೂ ದೊರೆಯುತ್ತದೆ.

ಇನ್ನು ಡಿಸ್ಕಿನ ಒಳಗೆ ಇಣುಕೋಣ. ಡಿಸ್ಕಿನ ಆರಂಭದ ಭಾಗದಲ್ಲಿ ಒಂದು ಚಿಕ್ಕ ಪಟ್ಟಿ ಇರುತ್ತದೆ. ಯಾವ ಹಿಸ್ಸೆ ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತದೆ ಎಂಬುದು ಅದರಲ್ಲಿ ಬರೆದಿರುತ್ತದೆ. ಇದೇ ಡಿಸ್ಕಿನ ಉತಾರ. 1983ರಿಂದ ಬಳಕೆಗೆ ಬಂದ ಹಳೆಯ ಪಟ್ಟಿಯಲ್ಲಿ ನಾಲ್ಕೇ ಮುಖ್ಯ ಹಿಸ್ಸೆಗಳಿಗೆ ಜಾಗವಿತ್ತು. ಈಗಿನ ಜಿಪಿಟಿ ಎಂಬ ಪಟ್ಟಿಯಲ್ಲಿ ಸಾಮಾನ್ಯವಾಗಿ 128ಕ್ಕೆ ಜಾಗವಿದೆ. ಈ ಹಿಸ್ಸೆಗೇ ಪಾರ್ಟಿಶನ್ ಎಂದು ಹೆಸರು.

ಹಿಸ್ಸೆಯಾದ ಮೇಲೆ ಅದರೊಳಗೆ ಫೈಲುಗಳನ್ನು ಜೋಡಿಸಿಡುವ ಲೆಕ್ಕದ ಪದ್ಧತಿ ಒಂದು ಬೇಕು. ಈ ಪದ್ಧತಿಯೇ ಫೈಲ್ ಸಿಸ್ಟಮ್. ಒಬ್ಬ ಸಾಹುಕಾರ ಖಾತೆಕೀರ್ದಿಯನ್ನು ಮೋಡಿಯಲ್ಲಿ ಬರೆದರೆ, ಮೋಡಿ ಬಾರದ ಗುಮಾಸ್ತನಿಗೆ ಪುಸ್ತಕ ಕೈಯಲ್ಲಿದ್ದರೂ ಪ್ರಯೋಜನವಿಲ್ಲ. ವಿಂಡೋಸಿನ ಪದ್ಧತಿ 1993ರಲ್ಲಿ ಬಂದ ಎನ್‌ಟಿಎಫ್‌ಎಸ್. ಲಿನಕ್ಸಿನಲ್ಲಿ ಹೆಚ್ಚಾಗಿ ಬಳಸುವುದು 2008ರಲ್ಲಿ ಪಕ್ವವಾದ ಎಕ್ಸ್ಟ್ 4. ಲಿನಕ್ಸಿನ ಹಿಸ್ಸೆಯನ್ನು ವಿಂಡೋಸ್ ತಾನಾಗಿ ಓದಲಾರದು. ಲಿನಕ್ಸ್ ಮಾತ್ರ ವಿಂಡೋಸಿನ ಲೆಕ್ಕವನ್ನು ಓದಲೂ ಬಲ್ಲದು, ಬರೆಯಲೂ ಬಲ್ಲದು.

ಈ ಬಲ್ಲವಿಕೆ ಸುಮ್ಮನೆ ಬಂದದ್ದಲ್ಲ. ಎನ್‌ಟಿಎಫ್‌ಎಸ್‌ನ ಒಳಗುಟ್ಟನ್ನು ಕಂಪನಿ ಪೂರ್ತಿಯಾಗಿ ಪ್ರಕಟಿಸಲಿಲ್ಲ. ಲಿನಕ್ಸಿನವರು ಡಿಸ್ಕಿನ ಮೇಲಿನ ಗುರುತುಗಳನ್ನೇ ನೋಡಿ ನೋಡಿ ಅದರ ವ್ಯಾಕರಣವನ್ನು ಕಂಡುಕೊಂಡರು. 2007ರಲ್ಲಿ ಎನ್‌ಟಿಎಫ್‌ಎಸ್-3ಜಿ ಎಂಬ ಸಲಕರಣೆ ನಂಬಿಕೆಗೆ ಅರ್ಹವಾದ ರೂಪದಲ್ಲಿ ಬಂದಿತು. 2021ರಲ್ಲಿ ಪ್ಯಾರಗಾನ್ ಎಂಬ ಸಂಸ್ಥೆ ಬರೆದುಕೊಟ್ಟ ಇನ್ನೊಂದು ಭಾಗ ಲಿನಕ್ಸಿನ ತಿರುಳಿನೊಳಗೇ ಸೇರಿತು. ಪೆನ್‌ಡ್ರೈವುಗಳಲ್ಲಿ ಕಾಣುವ ಎಕ್ಸ್‌ಫ್ಯಾಟ್ ಪದ್ಧತಿಯ ವಿವರವನ್ನು ಮೈಕ್ರೋಸಾಫ್ಟ್ 2019ರಲ್ಲಿ ತಾನೇ ಬಹಿರಂಗ ಮಾಡಿತು. ಅಂದಿನಿಂದ ಅದೂ ಎಲ್ಲರ ಸೊತ್ತಾಯಿತು.

ಹಾಗಾದರೆ ಹಿಸ್ಸೆ ಹೇಗೆ ಮಾಡಬೇಕು? ನನ್ನ ಸಲಹೆ ಸರಳವಾದದ್ದು: ಡಿಸ್ಕನ್ನು ಮೂರು ಪಾಲು ಮಾಡಿ. ಒಂದು ಪಾಲು ವಿಂಡೋಸಿಗೆ, ಒಂದು ಲಿನಕ್ಸಿಗೆ, ಮೂರನೆಯದು ಸೇರುಬಾವಿ. 500 ಜಿಬಿಯ ಡಿಸ್ಕಾದರೆ ವಿಂಡೋಸಿಗೆ 150, ಲಿನಕ್ಸಿಗೆ 60 ಜಿಬಿ ಬಿಟ್ಟು, ಉಳಿದದ್ದನ್ನು ಸೇರುಪಾಲಿಗೆ ಇಡಬಹುದು. ನಿಮ್ಮ ಪತ್ರ, ಕಬ್ಬಿನ ಬಿಲ್ಲು, ಉತಾರದ ಪ್ರತಿ, ಮಕ್ಕಳ ಅಂಕಪಟ್ಟಿ, ಮದುವೆಯ ಚಿತ್ರಗಳು ಎಲ್ಲವೂ ಆ ಮೂರನೆಯ ಪಾಲಿನಲ್ಲಿ ಇರಲಿ. ಎರಡು ವ್ಯವಸ್ಥೆಗಳ ಸ್ವಂತ ಸಾಮಾನು ಅವುಗಳ ಸ್ವಂತ ಕೋಣೆಯಲ್ಲಿರಲಿ. ಲಿನಕ್ಸು ತನ್ನ ಫೈಲುಗಳಿಗೆ ಇಂಥವರು ಒಡೆಯರು, ಇಂಥವರಿಗೆ ಅನುಮತಿ ಎಂದು ಗುರುತು ಹಾಕಿಕೊಳ್ಳುತ್ತದೆ. ವಿಂಡೋಸಿನ ಪದ್ಧತಿಯ ನೆಲದಲ್ಲಿ ಆ ಗುರುತು ಸರಿಯಾಗಿ ನಿಲ್ಲದು. ಆದುದರಿಂದ ಅದರ ಹೋಮ್ ಫೋಲ್ಡರನ್ನು ಇಡಿಯಾಗಿ ಸೇರುಪಾಲಿಗೆ ಸಾಗಿಸಬೇಡಿ. ನಿಮ್ಮ ಕಾಗದಪತ್ರಗಳನ್ನಷ್ಟೇ ಅಲ್ಲಿಡಿ.

ಇಲ್ಲಿ ಅಳತೆಯ ಒಂದು ವಿಚಾರ. 500 ಎಂದು ಕೊಂಡು ತಂದ ಡಿಸ್ಕನ್ನು ವಿಂಡೋಸ್ 465 ಎಂದು ತೋರಿಸುತ್ತದೆ. ಲಿನಕ್ಸಿನ ಅನೇಕ ಬಗೆಗಳು 500 ಎಂದೇ ತೋರಿಸುತ್ತವೆ. ಯಾರೂ ಒತ್ತುವರಿ ಮಾಡಿಲ್ಲ. ಒಬ್ಬರು ಸಾವಿರದ ಲೆಕ್ಕ ಹಿಡಿದಿದ್ದಾರೆ, ಇನ್ನೊಬ್ಬರು 1024ರ ಲೆಕ್ಕ ಹಿಡಿದಿದ್ದಾರೆ. ನೆಲ ಅಷ್ಟೇ.

ಸೇರುಪಾಲಿಗೆ ಯಾವ ಪದ್ಧತಿ ಒಳ್ಳೆಯದು? ಹಳೆಯ ಫ್ಯಾಟ್ 32 ಎಲ್ಲರಿಗೂ ಗೊತ್ತು. ಆದರೆ ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದು ಫೈಲು ಹಿಡಿಸದು. ಮದುವೆಯ ವೀಡಿಯೋ ಹೊರಗೇ ನಿಲ್ಲಬೇಕಾಗುತ್ತದೆ. ಎಕ್ಸ್‌ಫ್ಯಾಟಿಗೆ ಈ ತೊಡಕಿಲ್ಲ; ಆಪಲ್ ಕಂಪನಿಯ ಮ್ಯಾಕ್ ಯಂತ್ರಕ್ಕೂ ಅದು ನಡೆಯುತ್ತದೆ. ಆದರೆ ಎಕ್ಸ್‌ಫ್ಯಾಟಿನಲ್ಲಿ ರೋಜುಕೀರ್ದಿ ಇಲ್ಲ. ಎನ್‌ಟಿಎಫ್‌ಎಸ್ ಹಾಗಲ್ಲ, ಫೈಲುಗಳ ಪಟ್ಟಿಯಲ್ಲಿ ಏನನ್ನಾದರೂ ಬದಲಿಸುವ ಮೊದಲು ಇಂಥ ಬದಲಾವಣೆ ಮಾಡಲಿದ್ದೇನೆ ಎಂದು ಒಂದು ಕಡೆ ಟಿಪ್ಪಣಿ ಮಾಡಿಕೊಳ್ಳುತ್ತದೆ. ನಡುವೆ ಕರೆಂಟು ಹೋದರೆ, ಮತ್ತೆ ಬಂದಾಗ ಆ ಟಿಪ್ಪಣಿಯನ್ನು ನೋಡಿ ಪಟ್ಟಿಯನ್ನು ಸರಿಪಡಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಸಿಡಿಲುಗುಡುಗಿಗೆ ಕರೆಂಟು ಹೋಗಿಬಂದು ಮಾಡುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಆದುದರಿಂದ ಯಂತ್ರದೊಳಗಿನ ಸೇರುಪಾಲಿಗೆ ಎನ್‌ಟಿಎಫ್‌ಎಸ್, ಕೈಯಿಂದ ಕೈಗೆ ಸಾಗುವ ಪೆನ್‌ಡ್ರೈವಿಗೆ ಎಕ್ಸ್‌ಫ್ಯಾಟ್, ಹೀಗೆ ಇಟ್ಟುಕೊಂಡರೆ ಸರಿಹೋದೀತು. ಎನ್‌ಟಿಎಫ್‌ಎಸ್ ಪಾಲು ಎಂದಾದರೂ ಕೆಟ್ಟರೆ ಅದರ ಪೂರ್ಣ ದುರಸ್ತಿಯನ್ನು ವಿಂಡೋಸಿನಿಂದಲೇ ಮಾಡಿಸಬೇಕೆಂಬುದನ್ನು ಮಾತ್ರ ನೆನಪಿನಲ್ಲಿಡಿ. ಮುಂದೆ ವಿಂಡೋಸನ್ನು ತೆಗೆದೇ ಹಾಕುವುದಾದರೆ ಆ ಪಾಲನ್ನೂ ಲಿನಕ್ಸಿನ ಪದ್ಧತಿಗೆ ಬದಲಿಸಿಕೊಳ್ಳುವುದು ಲೇಸು.

ಈಗ ಪಾಳಿಯ ಮಾತಿಗೆ ಬರೋಣ. ಸೇರುಬಾವಿಯಲ್ಲಿ ಅಣ್ಣ ನೀರು ಹಾಯಿಸುತ್ತಿದ್ದಾನೆ. ನಡುವೆಯೇ ಮೋಟಾರನ್ನು ಹಾಗೆಯೇ ಬಿಟ್ಟು, ಬಂದೊಡನೆ ಮುಂದುವರಿಸುತ್ತೇನೆಂದು ಕೋಣೆಗೆ ಬೀಗ ಹಾಕಿ ಊಟಕ್ಕೆ ಹೋಗುತ್ತಾನೆ. ಅವನ ಪಾಳಿ ಮುಗಿಯಿತೋ ಇಲ್ಲವೋ ತಮ್ಮನಿಗೆ ತಿಳಿಯುವ ಬಗೆಯೇನು? ವಿಂಡೋಸು ಮಾಡುವುದು ಇದನ್ನೇ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ, ಬೇಗನೆ ಎಚ್ಚರಗೊಳ್ಳಲೆಂದು ಫಾಸ್ಟ್ ಸ್ಟಾರ್ಟ್‌ಅಪ್ ಎಂಬ ಏರ್ಪಾಡು ಅದರಲ್ಲಿದೆ. ನೀವು ಶಟ್‌ಡೌನ್ ಮಾಡಿದಾಗ ಯಂತ್ರ ಆರಿದಂತೆ ಕಾಣುತ್ತದೆ. ವಿಂಡೋಸಿನ ತಿರುಳು ಮಾತ್ರ ತನ್ನ ನೆನಪನ್ನೆಲ್ಲ ಡಿಸ್ಕಿನ ಮೇಲೆ ಬರೆದಿಟ್ಟು ನಿದ್ರಿಸುತ್ತದೆ. ಆ ನೆನಪಿನಲ್ಲಿ ಸೇರುಪಾಲಿನ ಸ್ಥಿತಿಯೂ ಸೇರಿರುತ್ತದೆ. ಈ ನಡುವೆ ಲಿನಕ್ಸು ಎದ್ದು ಅಲ್ಲಿ ಹೊಸದೇನನ್ನಾದರೂ ಬರೆದರೆ, ಮರುದಿನ ಎಚ್ಚೆತ್ತ ವಿಂಡೋಸು ತನ್ನ ಹಳೆಯ ನೆನಪನ್ನೇ ನಿಜವೆಂದು ನಂಬಿ ಅದರ ಮೇಲೆ ಬರೆಯತೊಡಗುತ್ತದೆ. ಎರಡು ಲೆಕ್ಕಗಳೂ ಕಲಸಿಹೋಗುತ್ತವೆ, ಫೈಲುಗಳು ಹಾಳಾಗುತ್ತವೆ.

ಈ ಅನಾಹುತವನ್ನು ತಪ್ಪಿಸಲೆಂದೇ ಲಿನಕ್ಸು, ನಿದ್ರೆಯಲ್ಲಿರುವ ವಿಂಡೋಸಿನ ಗುರುತು ಕಂಡರೆ, ಆ ಪಾಲಿನಲ್ಲಿ ಓದಲು ಮಾತ್ರ ಬಿಟ್ಟು ಬರೆಯಲು ಬಿಡುವುದಿಲ್ಲ. ಕೆಲವೊಮ್ಮೆ ಬಾಗಿಲನ್ನೇ ತೆರೆಯುವುದಿಲ್ಲ. ನಿನ್ನೆ ಬರೆದ ಪಾಲಿನಲ್ಲಿ ಇಂದು ಬರೆಯಲಾಗುತ್ತಿಲ್ಲ, ಯಂತ್ರ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತು ಒಯ್ಯುವವರಿದ್ದಾರೆ. ಒತ್ತಾಯದಿಂದ ಬಾಗಿಲು ತೆರೆಸುವ ಉಪಾಯಗಳೂ ಇವೆ. ಅವುಗಳ ಗೊಡವೆಗೆ ಹೋಗಬೇಡಿ. ಮಾಡಬೇಕಾದದ್ದು ಇಷ್ಟೇ: ವಿಂಡೋಸಿನ ಕಂಟ್ರೋಲ್ ಪ್ಯಾನೆಲಿನಲ್ಲಿ ಪವರ್ ಆಪ್ಷನ್ಸ್ ಎಂಬಲ್ಲಿಗೆ ಹೋಗಿ, ಪವರ್ ಗುಂಡಿಗಳು ಏನು ಮಾಡಬೇಕೆಂದು ಆರಿಸುವ ಪುಟದಲ್ಲಿ, ಫಾಸ್ಟ್ ಸ್ಟಾರ್ಟ್‌ಅಪ್ ಎದುರಿನ ಗುರುತನ್ನು ತೆಗೆಯಿರಿ. ಹೈಬರ್ನೇಟ್ ಮಾಡಿ ಇನ್ನೊಂದು ವ್ಯವಸ್ಥೆಗೆ ಹೋಗುವುದನ್ನೂ ಬಿಡಿ. ಈ ಕಟ್ಟಳೆ ಲಿನಕ್ಸಿಗೂ ಸಲ್ಲುತ್ತದೆ. ಒಬ್ಬನು ಪೂರ್ತಿಯಾಗಿ ಎದ್ದು ಹೋದ ಮೇಲೆಯೇ ಇನ್ನೊಬ್ಬನು ಬರಬೇಕು.

ಎರಡನೆಯ ಅಪಾಯ ಬೀಗದ್ದು. ಈಚಿನ ಅನೇಕ ಯಂತ್ರಗಳಲ್ಲಿ ವಿಂಡೋಸು ತನ್ನ ಡಿಸ್ಕನ್ನು ಬಿಟ್‌ಲಾಕರ್ ಎಂಬ ಗೂಢಲಿಪಿಯಿಂದ ಬೀಗ ಹಾಕಿಕೊಂಡಿರುತ್ತದೆ. ಮನೆಯವರಿಗೆ ಅದರ ಸುಳಿವೂ ಇರುವುದಿಲ್ಲ. ಹಿಸ್ಸೆ ಬದಲಾದಾಗ, ಇಲ್ಲವೆ ಹೊಸ ವ್ಯವಸ್ಥೆ ಸೇರಿದಾಗ, ಅದು ಒಮ್ಮೆಲೇ 48 ಅಂಕಿಗಳ ಕೀಲಿಯನ್ನು ಕೇಳಬಹುದು. ಕೀಲಿ ಇಲ್ಲದಿದ್ದರೆ ಒಳಗಿರುವುದು ಕೈಗೆ ಸಿಕ್ಕುವುದಿಲ್ಲ. ಕೆಲಸಕ್ಕೆ ಕೈಹಾಕುವ ಮೊದಲು ಬೀಗವಿದೆಯೇ ನೋಡಿ, ಇದ್ದರೆ ಆ ಕೀಲಿಯನ್ನು ಕಾಗದದ ಮೇಲೆ ಬರೆದು ಪೆಟ್ಟಿಗೆಯಲ್ಲಿ ಇಡಿ.

ಮೂರನೆಯ ಅಪಾಯ ಒಂದು ಪ್ರಶ್ನೆಯ ರೂಪದಲ್ಲಿ ಬರುತ್ತದೆ. ತನಗೆ ಓದಲು ಬಾರದ ಹಿಸ್ಸೆ ಕಂಡಾಗ ವಿಂಡೋಸು, ಇದನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ಕೇಳುವುದುಂಟು. ಕೇಳುವ ಧಾಟಿ ನೋಡಿದರೆ ಉಪಕಾರ ಮಾಡಲು ಬಂದಂತೆ ಇರುತ್ತದೆ. ಹೂಂ ಎಂದಿರೋ, ಮಗನ ವರ್ಷದ ಕೆಲಸವೆಲ್ಲ ಹೋಯಿತು. ತನಗೆ ಓದಲು ಬಾರದ ಪುಸ್ತಕವನ್ನು ಖಾಲಿ ಎಂದು ತಿಳಿಯುವುದು ಅದರ ಸ್ವಭಾವ. ನಾವು ಹಾಗೆ ತಿಳಿಯಬಾರದು. ಇದೇ ಎಚ್ಚರ ಇಎಫ್‌ಐ ಎಂಬ ಚಿಕ್ಕ ಹಿಸ್ಸೆಯ ವಿಷಯದಲ್ಲಿಯೂ ಬೇಕು. ಕೆಲವು ನೂರು ಎಂಬಿಯ ಆ ತುಂಡು ನಿಷ್ಪ್ರಯೋಜಕವೆಂದು ಕಂಡೀತು. ಎರಡು ವ್ಯವಸ್ಥೆಗಳೂ ಎಚ್ಚರಗೊಳ್ಳುವುದು ಆ ಅಂಗಳದಿಂದಲೇ. ಅದನ್ನು ಅಳಿಸಿದರೆ ಯಾರೂ ಏಳುವುದಿಲ್ಲ.

ಗಡಿಯಾರದ ವಿಷಯ ಚಿಕ್ಕದು, ಆದರೂ ಹೇಳಿಬಿಡುತ್ತೇನೆ. ಲಿನಕ್ಸಿನಿಂದ ವಿಂಡೋಸಿಗೆ ಬಂದಾಗ ಗಂಟೆ ಐದೂವರೆ ತಾಸು ಹಿಂದೆ ಇದ್ದರೆ ಬೆಚ್ಚಬೇಡಿ. ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸು ಗ್ರೀನ್‌ವಿಚ್ ಕಾಲವೆಂದು ಓದುತ್ತದೆ, ವಿಂಡೋಸು ಭಾರತದ ಕಾಲವೆಂದು ಓದುತ್ತದೆ. ನಡುವಿನ ಅಂತರವೇ ಐದೂವರೆ ತಾಸು. ಸ್ಥಳೀಯ ಕಾಲವನ್ನೇ ಹಿಡಿ ಎಂದು ಲಿನಕ್ಸಿಗೆ ಒಂದು ಸಲ ಹೇಳಿದರೆ ಸಾಕು. ಹೇಳದಿದ್ದರೆ ಸೇರುಪಾಲಿನಲ್ಲಿ ಯಾವ ಫೈಲು ಮೊದಲಿನದು, ಯಾವುದು ಅನಂತರದ್ದು ಎಂಬುದೇ ಗೊಂದಲವಾದೀತು.

ಇಷ್ಟೆಲ್ಲ ಆದ ಮೇಲೂ ಕನ್ನಡದವರಿಗೆ ಇನ್ನೊಂದು ಹೊಸ್ತಿಲು ಉಳಿಯುತ್ತದೆ. ಪಾಲು ತೆರೆಯಿತು, ಫೈಲು ತೆರೆಯಿತು. ಒಳಗೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ! ಕಾರಣ ಡಿಸ್ಕಿನಲ್ಲಿಲ್ಲ. 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಇವು ನಮಗೆ ಮಾಡಿದ ಉಪಕಾರ ದೊಡ್ಡದು. ಆದರೆ ಅವುಗಳ ಹಳೆಯ ಆವೃತ್ತಿಗಳು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಅಂಕಿಗಳಲ್ಲಿಯೇ ಕೂರಿಸಿದ್ದವು. ಆ ಅಚ್ಚುಗಳು, ಅಂದರೆ ಫಾಂಟುಗಳು, ಇರುವ ಯಂತ್ರದಲ್ಲಿ ಅದು ಕನ್ನಡ. ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗೀಚು. ಯೂನಿಕೋಡ್ ಎಂಬ ಜಾಗತಿಕ ಸಂಕೇತ ಪದ್ಧತಿಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲಿಯೇ ಸ್ವಂತ ಸ್ಥಾನ ದೊರೆತಿದೆ. ಆ ಪದ್ಧತಿಯಲ್ಲಿ ಬರೆದದ್ದು ವಿಂಡೋಸಿನಲ್ಲಿಯೂ ಕನ್ನಡ, ಲಿನಕ್ಸಿನಲ್ಲಿಯೂ ಕನ್ನಡ. ನಿಮ್ಮ ಹಳೆಯ ಪತ್ರಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ವಿಂಡೋಸೂ ಹಳೆಯ ಫಾಂಟುಗಳೂ ನಿಮ್ಮ ಯಂತ್ರದಲ್ಲಿ ಇರುವಾಗಲೇ, ಎರಡನ್ನೂ ಪಕ್ಕದಲ್ಲಿಟ್ಟು ಸರಿನೋಡಿ, ಆ ಕೆಲಸವನ್ನು ಮುಗಿಸಿಕೊಳ್ಳಿ. ಮುಂದೆ ಓದುವವರು ಸಿಕ್ಕಾರು, ಫಾಂಟು ಸಿಕ್ಕೀತೆಂಬ ಭರವಸೆ ಇಲ್ಲ.

ಫೈಲಿನ ಹೆಸರನ್ನು ಕನ್ನಡದಲ್ಲಿ ಇಡುವವರು ಉದ್ದದ ಕಡೆಗೂ ಗಮನ ಕೊಡಬೇಕು. ವಿಂಡೋಸಿನ ಪದ್ಧತಿ ಒಂದು ಹೆಸರಿಗೆ 255 ಚಿಹ್ನೆಗಳನ್ನು ಬಿಡುತ್ತದೆ. ಲಿನಕ್ಸಿನ ಪದ್ಧತಿ 255 ಬೈಟುಗಳನ್ನು ಬಿಡುತ್ತದೆ. ಕನ್ನಡದ ಒಂದೊಂದು ಚಿಹ್ನೆಗೆ ಅಲ್ಲಿ ಮೂರು ಬೈಟು ಬೇಕು. ಹೀಗಾಗಿ 85 ಚಿಹ್ನೆಗಳಿಗೆ ಹೆಸರು ಮುಗಿಯಬೇಕು. ಕಾಗುಣಿತದ ಗುರುತೂ ಒತ್ತಕ್ಷರದ ಕೊಂಡಿಯೂ ಬೇರೆ ಬೇರೆ ಚಿಹ್ನೆಗಳೇ. ‘ಬೆಲ್ಲದ ಬಾಗೇವಾಡಿ’ ಎಂಬ ಹೆಸರನ್ನೇ ಎಣಿಸಿ: ಕನ್ನಡದ 14 ಚಿಹ್ನೆ, ನಡುವೆ ಒಂದು ತೆರಪು, ಒಟ್ಟು 43 ಬೈಟು. ಊರಿನ ಹೆಸರಿಗೇ ಇಷ್ಟು ಹೋದರೆ ಅರ್ಜಿಯ ವಿಷಯವನ್ನೆಲ್ಲ ಹೆಸರಿನಲ್ಲಿ ತುಂಬುವುದು ಆಗದ ಮಾತು. ಸೇರುಪಾಲಿನಿಂದ ಲಿನಕ್ಸಿನ ಕೋಣೆಗೆ ಇಂಥ ಫೈಲು ನಕಲಾಗದೆ ನಿಂತರೆ, ಹೆಸರನ್ನು ಮೊಟಕು ಮಾಡಿ ನೋಡಿ. ಲಿನಕ್ಸಿನಲ್ಲಿ ಕುಳಿತು ಹೆಸರಿಡುವಾಗ ಪ್ರಶ್ನೆ ಚಿಹ್ನೆ, ನಕ್ಷತ್ರ ಚಿಹ್ನೆ, ಎರಡು ಚುಕ್ಕೆಯ ವಿವರಣ ಚಿಹ್ನೆಗಳನ್ನು ಬಿಡಿ. ವಿಂಡೋಸು ಅವನ್ನು ಹೆಸರಿನಲ್ಲಿ ಒಪ್ಪುವುದಿಲ್ಲ.

ಕೆಲಸದ ಕ್ರಮವನ್ನು ಒಟ್ಟಾಗಿ ಹೇಳುವುದಾದರೆ ಹೀಗೆ. ಮೊದಲು, ಇರುವುದನ್ನೆಲ್ಲ ಹೊರಗಿನ ಒಂದು ಡಿಸ್ಕಿಗೆ ನಕಲು ಮಾಡಿ. ಬೀಗದ ಕೀಲಿಯನ್ನು ಬರೆದಿಡಿ. ವಿಂಡೋಸಿನಲ್ಲಿ ಕುಳಿತೇ, ಅದರ ಡಿಸ್ಕ್ ಮ್ಯಾನೇಜ್‌ಮೆಂಟ್ ಎಂಬ ಸಲಕರಣೆಯಿಂದ ಅದರ ಪಾಲನ್ನು ಕಿರಿದು ಮಾಡಿ. ತೆರವಾದ ಜಾಗದಲ್ಲಿ ಸೇರುಪಾಲನ್ನು ಮಾಡಿ, ಅದಕ್ಕೆ ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ ಗುರುತು ಹತ್ತುವ ಒಂದು ಹೆಸರಿಡಿ. ಅನುಸ್ಥಾಪನೆಯ ಹೊತ್ತಿಗೆ ಯಾವ ಪಾಲು ಯಾವುದೆಂದು ತಿಳಿಯಲು ಆ ಹೆಸರೇ ದಾರಿ ತೋರಿಸುತ್ತದೆ. ಫಾಸ್ಟ್ ಸ್ಟಾರ್ಟ್‌ಅಪ್ ತೆಗೆಯಿರಿ. ಉಳಿದ ಜಾಗದಲ್ಲಿ ಲಿನಕ್ಸನ್ನು ಕೂರಿಸಿ. ಡಿಸ್ಕನ್ನೆಲ್ಲ ಅಳಿಸಲೇ ಎಂದು ಅದೂ ಒಂದು ಕಡೆ ಕೇಳುತ್ತದೆ. ಅಲ್ಲಿ ನಿಧಾನವಾಗಿ ಓದಿ ಉತ್ತರ ಕೊಡಿ.

ಕೊನೆಯದಾಗಿ ಒಂದು ಎಚ್ಚರಿಕೆ. ಎರಡು ವ್ಯವಸ್ಥೆಗಳಿಂದಲೂ ಕಾಣುತ್ತದೆ ಎಂದ ಮಾತ್ರಕ್ಕೆ ನಿಮ್ಮ ಫೈಲಿಗೆ ಎರಡು ಪ್ರತಿಗಳಿವೆ ಎಂದು ಭಾವಿಸಬೇಡಿ. ಎರಡು ಮನೆಯ ಕಿಟಕಿಗಳಿಂದ ಕಂಡರೂ ಬಾವಿ ಒಂದೇ. ಒಂದು ಡಿಸ್ಕನ್ನು ಎಷ್ಟು ಹಿಸ್ಸೆ ಮಾಡಿದರೂ, ಅದು ಕೆಟ್ಟ ದಿನ ಎಲ್ಲ ಹಿಸ್ಸೆಗಳೂ ಒಟ್ಟಿಗೆ ಹೋಗುತ್ತವೆ. ಉತಾರದ ಮೂಲ ತಾಲ್ಲೂಕಿನ ದಾಖಲೆಯಲ್ಲಿ ಇದ್ದೀತು, ಇನ್ನೊಂದು ಪ್ರತಿ ಸಿಕ್ಕೀತು. ಕಬ್ಬಿನ ಬಿಲ್ಲನ್ನು ಕಾರ್ಖಾನೆಯವರು ಮತ್ತೊಮ್ಮೆ ಕೊಟ್ಟಾರು. ತೀರಿಹೋದ ಅಜ್ಜಿಯ ಚಿತ್ರವನ್ನೂ, ತಂದೆ ಇಪ್ಪತ್ತು ವರ್ಷ ಬರೆದಿಟ್ಟ ಪತ್ರಗಳನ್ನೂ ಮತ್ತೆ ಕೊಡುವ ಕಚೇರಿ ಎಲ್ಲಿಯೂ ಇಲ್ಲ. ಹೊರಗಿನ ಡಿಸ್ಕು ಒಂದನ್ನು ತಂದು, ತಿಂಗಳಿಗೊಮ್ಮೆ ಸೇರುಪಾಲಿನ ನಕಲು ತೆಗೆದು, ಅದನ್ನು ಯಂತ್ರದಿಂದ ಬಿಡಿಸಿ ಬೇರೆ ಕೋಣೆಯ ಕಪಾಟಿನಲ್ಲಿ ಇಡಿ. ಹಿಸ್ಸೆ ಮಾಡುವ ಕೆಲಸಕ್ಕೆ ಕೈಹಾಕುವುದು ಆ ಮೊದಲ ನಕಲು ಕಪಾಟು ಸೇರಿದ ಮೇಲೆಯೇ ಆಗಲಿ.